24 ಆಕ್ಷೇಪಣೆ: ಯಹೂದಿ ಶಾಲೆಯಲ್ಲಿ ನಾನು ಗಣಿತ ಕಲಿಸಿದ ರೀತಿ

ನ್ಯೂ ಜೆರ್ಸಿಯ ಒಂದು ಆರ್ಥೊಡಾಕ್ಸ್ ಯಹೂದಿ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೇನೆ. ಹನ್ನೊಂದು ವರ್ಷವಾಯಿತು. ನನ್ನ ಊರು ಶಿವಮೊಗ್ಗದ ಕಡೆ. ಇಲ್ಲಿ ಮಕ್ಕಳು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಊಟದ ಹೊತ್ತಿನವರೆಗೆ ರಬ್ಬಿಗಳ, ಅಂದರೆ ಧರ್ಮಗುರುಗಳ, ಹತ್ತಿರ ತಮ್ಮ ಮೂಲ ಧರ್ಮಗ್ರಂಥ ತೋರಾ, ಹಳೆಯ ಪಂಡಿತರ ವಾದ-ಚರ್ಚೆಗಳ ಸಂಗ್ರಹ ತಾಲ್ಮುಡ್ ಓದುತ್ತಾರೆ. ಊಟವಾದ ಮೇಲೆ ನಮ್ಮ ಕೈಗೆ ಬರುತ್ತಾರೆ, ಸಂಜೆ ಐದರವರೆಗೆ. ಅಷ್ಟು ಹೊತ್ತಿಗೆ ಅವರು ಸುಸ್ತಾಗಿರುತ್ತಾರೆ. ನನ್ನ ತರಗತಿಯಲ್ಲಿ ತಲೆ ಬೆಂಚಿಗೆ ಒರಗಿರುತ್ತಿತ್ತು.

ಇದೇ ಮಕ್ಕಳನ್ನು ಬೆಳಿಗ್ಗೆ ಬೇತ್ ಮಿದ್ರಾಶ್‌ನಲ್ಲಿ ನೋಡಬೇಕು. ಅದು ಅವರ ಓದಿನ ದೊಡ್ಡ ಹಾಲ್. ಇಬ್ಬಿಬ್ಬರು ಎದುರುಬದುರು ಕೂತು ಒಂದೇ ಪುಟಕ್ಕೆ ಜೋತು ಬಿದ್ದಿರುತ್ತಾರೆ. ಒಬ್ಬ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಮಧ್ಯದಲ್ಲೇ ತಡೆದು 'ಅದು ಹೇಗೆ?' ಅನ್ನುತ್ತಾನೆ. ಇಡೀ ಹಾಲ್ ಸಂತೆಯ ಹಾಗೆ ಗದ್ದಲ. ಈ ಜೋಡಿಗೆ, ಜೋಡಿ ಓದಿಗೆ, ಹವ್ರೂತಾ ಅನ್ನುತ್ತಾರೆ. ನನಗೆ ತಕ್ಷಣ ನೆನಪಾಗಿದ್ದು ನಮ್ಮ ತಾತನ ಗಮಕ. ತಾತ ಕುಮಾರವ್ಯಾಸನ ಪದ್ಯ ವಾಚನ ಮಾಡುತ್ತಿದ್ದರು, ಪಕ್ಕದ ಮನೆಯ ಮೇಷ್ಟ್ರು ವ್ಯಾಖ್ಯಾನ ಮಾಡುತ್ತಿದ್ದರು. ಒಂದೇ ವ್ಯತ್ಯಾಸ, ಗಮಕದಲ್ಲಿ ಜಗಳ ಇರುವುದಿಲ್ಲ. ಇಲ್ಲಿ ಜಗಳವೇ ಓದು.

ಇದನ್ನೇ ಮಧ್ಯಾಹ್ನದ ಗಣಿತಕ್ಕೆ ತಂದರೆ ಹೇಗೆ ಅಂತ ಆರು ವರ್ಷದ ಹಿಂದೆ ಹೊರಟೆ. ಯಾರೂ ಒಪ್ಪಲಿಲ್ಲ. ವಿಭಾಗದ ಹಿರಿಯರು 'ಗಣಿತಕ್ಕೆ ಒಂದೇ ಉತ್ತರ, ಇದರಲ್ಲಿ ವಾದ ಎಲ್ಲಿದೆ?' ಅಂದರು. ವರ್ಷಕ್ಕೆ ಹತ್ತಿರ ಹತ್ತಿರ 30 ಸಾವಿರ ಡಾಲರ್ ಫೀಸು ಕಟ್ಟುವ ತಂದೆತಾಯಿಗೆ ಬೇಕಾಗಿದ್ದು ಅಂಕ. ಒಬ್ಬ ಹಿರಿಯ ರಬ್ಬಿಗೆ ಬೇರೆಯೇ ಚಿಂತೆ. ತೋರಾ ಓದುವ ರೀತಿಯನ್ನು ಸಮೀಕರಣಕ್ಕೆ ಬಳಸಿದರೆ ಅದರ ತೂಕ ಕಡಿಮೆ ಆಗುತ್ತದೇನೋ ಅಂತ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವರ ಮನೆಗೆ ಹೋಗಿ ಎರಡು ಗಂಟೆ ಕೂತು ಮಾತಾಡಿದೆ.

ಮೊದಲ ವರ್ಷ ಪೂರ್ತಿ ಸೋತೆ. 22 ಮಕ್ಕಳನ್ನು ಹನ್ನೊಂದು ಜೋಡಿ ಮಾಡಿ, ಅವರವರ ಗೆಳೆಯರ ಜೊತೆಗೇ ಕೂರಿಸಿದೆ. ಜಾಣ ಲೆಕ್ಕ ಮಾಡಿದ, ಇನ್ನೊಬ್ಬ ನಕಲು ಮಾಡಿದ. ಗದ್ದಲ ಬಂತು, ಆದರೆ ಅದು ಬಾಸ್ಕೆಟ್‌ಬಾಲ್ ಗದ್ದಲ. ಡಿಸೆಂಬರ್ ಪರೀಕ್ಷೆಯಲ್ಲಿ ತರಗತಿಯ ಸರಾಸರಿ 75ರ ಆಸುಪಾಸಿನಿಂದ 68ಕ್ಕೆ ಇಳಿಯಿತು. ಮೂರು ಮನೆಯಿಂದ ಪತ್ರ ಬಂತು.

ಎರಡನೇ ವರ್ಷ ಶಾಲೆಯವರೇ ದಾರಿ ತೋರಿಸಿದರು, ಟ್ಯಾಬ್ಲೆಟ್ ಮತ್ತು ಒಂದು ದುಬಾರಿ ಸಾಫ್ಟ್‌ವೇರ್. ಲೈಸೆನ್ಸೂ ಸೇರಿ ಸುಮಾರು 18 ಸಾವಿರ ಡಾಲರ್ ಹೋಯಿತು. ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುತ್ತದೆ ಅಂದರು. ಕಲಿಯಿತು ಕೂಡ, ಆದರೆ ಒಂಟಿಯಾಗಿ. ತರಗತಿ ಆಸ್ಪತ್ರೆಯ ಹಾಗೆ ನಿಶ್ಶಬ್ದ. ನನಗೆ ಬೇಕಾಗಿದ್ದು ಅದಲ್ಲ.

ದಾರಿ ತೆರೆದಿದ್ದು ಒಬ್ಬ ಯುವ ರಬ್ಬಿ ಕಾಫಿ ಕುಡಿಯುತ್ತಾ ಹೇಳಿದ ಕಥೆಯಿಂದ. ಅದು ತಾಲ್ಮುಡ್‌ನ ಬಾವಾ ಮೆಟ್ಸಿಯಾ ಭಾಗದಲ್ಲಿದೆ. ರಬ್ಬಿ ಯೋಹಾನನ್ ಅವರ ಓದಿನ ಜೊತೆಗಾರ ರೇಶ್ ಲಾಕಿಶ್ ತೀರಿಕೊಂಡರು. ದುಃಖ ಕಳೆಯಲಿ ಅಂತ ಇನ್ನೊಬ್ಬ ಪಂಡಿತರನ್ನು ಕಳಿಸಿದರು. ಅವರು ಯೋಹಾನನ್ ಹೇಳಿದ್ದಕ್ಕೆಲ್ಲ 'ನಿಮ್ಮ ಮಾತಿಗೆ ಆಧಾರ ಇದೆ' ಅನ್ನುತ್ತಿದ್ದರು. ಯೋಹಾನನ್ ಸಿಟ್ಟಾದರು. ರೇಶ್ ಲಾಕಿಶ್ ಆಗಿದ್ದರೆ ನನ್ನ ಒಂದು ಮಾತಿಗೆ 24 ಆಕ್ಷೇಪಣೆ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ಹಾಗೆ ಬೆಳೆಯುತ್ತಿತ್ತು ಅಂದರು.

ನನಗೆ ಅಲ್ಲೇ ಗೊತ್ತಾಯಿತು. ನಾನು ಜೋಡಿ ಮಾಡಿದ್ದೆ, ಆಕ್ಷೇಪಣೆಯ ಕೆಲಸ ಯಾರಿಗೂ ಕೊಟ್ಟಿರಲಿಲ್ಲ.

ಮೂರನೇ ವರ್ಷ ಹಾಳೆಯನ್ನೇ ಬದಲಾಯಿಸಿದೆ. ತಾಲ್ಮುಡ್ ಪುಟ ನೋಡಿದ್ದೀರಾ? ಮಧ್ಯದಲ್ಲಿ ಮೂಲ, ಒಳಬದಿಗೆ ರಾಶಿ ಎಂಬ ಫ್ರಾನ್ಸಿನ ಪಂಡಿತರ ವಿವರಣೆ, ಹೊರಬದಿಗೆ ತೊಸಾಫೋತ್, ಅಂದರೆ ರಾಶಿಯವರ ಮೊಮ್ಮಕ್ಕಳ ಕಾಲದಿಂದ ಬೆಳೆದ ಪ್ರಶ್ನೆಗಳು. 1520ರ ಆಸುಪಾಸಿನಲ್ಲಿ ವೆನಿಸ್‌ನಲ್ಲಿ ಡೇನಿಯಲ್ ಬೊಂಬರ್ಗ್ ಅಚ್ಚು ಹಾಕಿಸಿದಾಗ ಗಟ್ಟಿಯಾದ ರೂಪ ಇದು. ನಾನು ದೊಡ್ಡ ಹಾಳೆಯ ಮಧ್ಯೆ ಲೆಕ್ಕ ಅಚ್ಚು ಹಾಕಿಸಿದೆ. ಎಡಕ್ಕೆ ಒಬ್ಬರು ಬಿಡಿಸಬೇಕು. ಬಲಕ್ಕೆ ಇನ್ನೊಬ್ಬರು ಬರೀ ಆಕ್ಷೇಪಣೆ ಬರೆಯಬೇಕು, ಕನಿಷ್ಠ ಮೂರು. ಈ ಹೆಜ್ಜೆ ಯಾಕೆ ಸರಿ? ಸೊನ್ನೆ ಹಾಕಿದರೆ ಏನಾಗುತ್ತದೆ? ಬೇರೆ ದಾರಿ ಯಾಕಿಲ್ಲ? ಎಡದವರು ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ. ಅಂಕ ಇಬ್ಬರಿಗೂ ಒಂದೇ. ಅದರಲ್ಲಿ ಅರ್ಧ ಆಕ್ಷೇಪಣೆಯ ಗುಣಕ್ಕೆ. ಮಾರನೇ ದಿನ ಜಾಗ ಅದಲುಬದಲು.

ಯಾರಿಂದಲೂ ಬಗೆಹರಿಯದ ಪ್ರಶ್ನೆಗೆ ಗೋಡೆಯಲ್ಲಿ ಒಂದು ಬೋರ್ಡು ಹಾಕಿದೆ, ಹೆಸರು ತೇಕು. ವಾದ ತೀರ್ಮಾನವಾಗದಿದ್ದರೆ ತಾಲ್ಮುಡ್‌ನಲ್ಲಿ ಹಾಗೇ ನಿಲ್ಲಿಸಿ ತೇಕು ಅನ್ನುತ್ತಾರೆ. ಮಕ್ಕಳಿಗೆ ಆ ಮಾತು ಗೊತ್ತಿತ್ತು. ಗಣಿತದಲ್ಲೂ 'ನನಗೆ ಇನ್ನೂ ಗೊತ್ತಾಗಿಲ್ಲ' ಅನ್ನಲು ಮರ್ಯಾದೆಯ ಪದ ಸಿಕ್ಕಿತು.

ದುಡ್ಡಿನ ವಿಷಯ ಹೇಳಲೇಬೇಕು. ಹಾಳೆ, ಅಚ್ಚು ಸೇರಿ ಮೊದಲ ವರ್ಷ ನನ್ನ ಕೈಯಿಂದ ಸುಮಾರು 600 ಡಾಲರ್. ಯೆಶಿವಾಗಳಲ್ಲಿ, ಅಂದರೆ ತಾಲ್ಮುಡ್ ಓದುವ ಶಾಲೆಗಳಲ್ಲಿ, ನಿಂತು ಓದಲು ಶ್ಟೆಂಡರ್ ಅಂತ ಮರದ ಓರೆ ಮೇಜು ಇರುತ್ತದೆ. ಹಳೆಯವು ಹನ್ನೆರಡು, ಒಂದಕ್ಕೆ 40 ಡಾಲರ್‌ನಂತೆ ತಂದೆ. ಮಧ್ಯಾಹ್ನ ಮೂರರ ನಿದ್ದೆಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಆಮೇಲೆ ಒಬ್ಬ ಪೋಷಕರು 2,500 ಡಾಲರ್ ಕೊಟ್ಟರು. ಮೊದಲು ದೂರಿನ ಪತ್ರ ಬರೆದ ಮೂವರಲ್ಲಿ ಅವರೂ ಒಬ್ಬರು. ಎಲ್ಲ ಸೇರಿಸಿದರೂ ಆ ಸಾಫ್ಟ್‌ವೇರಿನ ಐದನೇ ಒಂದು ಭಾಗ ಆಗಲಿಲ್ಲ.

ಆದರೂ ಮೂರನೇ ವರ್ಷ ಅರ್ಧಕ್ಕೆ ಕೆಟ್ಟಿತು, ಕಾರಣ ಪಂಚಾಂಗ. ಸೆಪ್ಟೆಂಬರಿನಲ್ಲಿ ಶುರು ಮಾಡಿದೆ. ಯಹೂದಿ ಹೊಸ ವರ್ಷ, ಯೋಮ್ ಕಿಪ್ಪುರ್, ಸುಕ್ಕೋತ್ ಅಂತ ಸಾಲು ಹಬ್ಬ, ಮೂರು ವಾರ ತರಗತಿ ಚೂರುಚೂರು. ಜೋಡಿಗಳು ಕಳಚಿಕೊಂಡವು. ಇಸ್ರೇಲಿನಲ್ಲಿ ಎಲ್ಲದಕ್ಕೂ 'ಆಖರೇ ಹಾಖಾಗಿಮ್', ಹಬ್ಬ ಮುಗಿದ ಮೇಲೆ, ಅನ್ನುತ್ತಾರೆ. ಈಗ ನಾನೂ ಹಾಗೇ. ಸುಕ್ಕೋತ್ ಮುಗಿಯುವವರೆಗೆ ಹವ್ರೂತಾ ಇಲ್ಲ.

ಹಾಗಂತ ಹಬ್ಬವನ್ನು ಸುಮ್ನೆ ಬಿಡುವುದಿಲ್ಲ. ಸುಕ್ಕೋತ್‌ಗೆ ಕಟ್ಟುವ ಗುಡಿಸಿಲಿನ ಎತ್ತರ ಕನಿಷ್ಠ 10 ತೆಫಾಖ್, ಗರಿಷ್ಠ 20 ಅಮ್ಮಾ ಇರಬೇಕು. ಅಮ್ಮಾ ಅಂದರೆ ಮೊಳ, ತೆಫಾಖ್ ಅಂದರೆ ಮುಷ್ಟಿಯ ಅಗಲ. ಅದು 8 ಸೆಂಟಿಮೀಟರೋ 9.6 ಸೆಂಟಿಮೀಟರೋ ಎಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯ. ಅಳತೆಯ ದೋಷ ಕಲಿಸಲು ಇದಕ್ಕಿಂತ ಬೇಕಾ? ಚೌಕದ ಕರ್ಣ ಒಂದು ಮತ್ತು ಎರಡು ಐದನೇ ಭಾಗ, ಅಂದರೆ 1.4, ಅಂತ ತಾಲ್ಮುಡ್ ಹೇಳುತ್ತದೆ. ನಾನು ಪಕ್ಕದಲ್ಲಿ ಯಜ್ಞವೇದಿ ಕಟ್ಟುವ ಅಳತೆಯ ನಮ್ಮ ಹಳೆಯ ಗ್ರಂಥ ಬೌಧಾಯನ ಶುಲ್ಬಸೂತ್ರದ ಲೆಕ್ಕ ಇಟ್ಟೆ, 1.4142157 ಬರುತ್ತದೆ. ಗುಡಿಸಿಲಿಗೆ 1.4 ಸಾಕೇ, ಯಜ್ಞವೇದಿಗೆ ಯಾಕೆ ಅಷ್ಟು ನಿಖರ ಬೇಕಾಯಿತು ಅಂತ ಒಂದು ಜೋಡಿ ನಲವತ್ತು ನಿಮಿಷ ಕಿತ್ತಾಡಿತು.

ಇನ್ನೊಂದು ಪ್ರಯೋಗ ಅಧಿಕ ಮಾಸದ್ದು. ಹೀಬ್ರೂ ಪಂಚಾಂಗದಲ್ಲಿ 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚು ಸೇರುತ್ತದೆ, ಯಾವಾಗಲೂ ಅದಾರ್ ತಿಂಗಳೇ ಎರಡಾಗುತ್ತದೆ. ನಮ್ಮ ಅಧಿಕ ಮಾಸವೂ ಹೆಚ್ಚುಕಡಿಮೆ ಅದೇ ಲೆಕ್ಕ, ಆದರೆ ತಿಂಗಳು ಬದಲಾಗುತ್ತದೆ. 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂತು, 2024ರ ಆರಂಭದಲ್ಲಿ ಅವರಿಗೆ ಎರಡು ಅದಾರ್. ಅಮ್ಮ ಕಳಿಸಿದ ಒಂಟಿಕೊಪ್ಪಲ್ ಪಂಚಾಂಗವನ್ನು ತರಗತಿಗೆ ಒಯ್ದಿದ್ದೆ. ಮಕ್ಕಳು ಅಂಕಿ ಓದಲು ಕನ್ನಡ ಅಂಕಿಗಳನ್ನೇ ಕಲಿತರು!

ಶುಕ್ರವಾರ ಹೋಂವರ್ಕ್ ಇಲ್ಲ, ಶಬ್ಬಾತ್‌ನಲ್ಲಿ, ಅಂದರೆ ಶನಿವಾರದ ವಿಶ್ರಾಂತಿ ದಿನದಲ್ಲಿ, ಬರೆಯುವಂತಿಲ್ಲ. ಅದಕ್ಕೆ ಬಾಯಲ್ಲೇ ಬಿಡಿಸುವ ಒಂದು ಲೆಕ್ಕ ಕೊಡುತ್ತೇನೆ, ಊಟದ ಮೇಜಿಗೆ. ಆ ಹಿರಿಯ ರಬ್ಬಿ ಒಂದು ಷರತ್ತು ಹಾಕಿದರು. ಶಬ್ಬಾತ್ ದಿನ ವಾರದ ಕೆಲಸಕ್ಕೆ ತಯಾರಿ ಮಾಡಬಾರದು, ಹಾಗಾಗಿ ಸೋಮವಾರ ಅದನ್ನು ಕೇಳಬೇಡಿ, ಅಂಕವನ್ನೂ ಕೊಡಬೇಡಿ. ಒಪ್ಪಿದೆ. ನಾನು ಕೇಳುವುದಿಲ್ಲ. ಮಕ್ಕಳೇ ಬಂದು ಹೇಳುತ್ತಾರೆ.

ನನಗೆ ಅತ್ಯಂತ ಹೆಮ್ಮೆಯ ಪಾಠ ತಾಲ್ಮುಡ್‌ನ ಕೆತುಬೋತ್ ಭಾಗದ ಆಸ್ತಿ ಲೆಕ್ಕ. ಸತ್ತವನು ಮೂವರು ಹೆಂಡತಿಯರಿಗೆ 100, 200, 300 ಕೊಡಬೇಕು. ಆಸ್ತಿ 100 ಇದ್ದರೆ ಮೂವರಿಗೂ ಸಮ. 300 ಇದ್ದರೆ 50, 100, 150. ಆದರೆ 200 ಇದ್ದರೆ 50, 75, 75! ಇದು ಯಾವ ನಿಯಮ? ಶತಮಾನಗಳ ಕಾಲ ಪಂಡಿತರು ತಲೆ ಕೆಡಿಸಿಕೊಂಡಿದ್ದರು. 1985ರಲ್ಲಿ ರಾಬರ್ಟ್ ಔಮನ್ ಮತ್ತು ಮೈಕೆಲ್ ಮಾಶ್ಲರ್ ಗೇಮ್ ಥಿಯರಿಯಿಂದ ಮೂರಕ್ಕೂ ಒಂದೇ ನಿಯಮ ತೋರಿಸಿದರು. ಔಮನ್ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಧರ್ಮನಿಷ್ಠ ಯಹೂದಿ. ನಾನು ಉತ್ತರ ಹೇಳದೆ ಇಬ್ಬರು ಒಂದು ಬಟ್ಟೆ ಹಿಡಿದು ಜಗಳವಾಡುವ ತಾಲ್ಮುಡ್‌ನ ಇನ್ನೊಂದು ಪುಟ ಮಾತ್ರ ಕೊಟ್ಟೆ. ನಾಲ್ಕನೇ ದಿನ ಒಬ್ಬ ಹುಡುಗಿ ಎದ್ದು ನಿಂತು ಬಟ್ಟೆಯ ನಿಯಮ, ಆಸ್ತಿಯ ನಿಯಮ ಎರಡೂ ಒಂದೇ ಅಂದಳು. ಗಣಿತದಲ್ಲಿ ಅವಳು ಯಾವತ್ತೂ 70 ದಾಟಿರಲಿಲ್ಲ.

ಜೋಡಿ ಹೇಗೆ ಆರಿಸುತ್ತೇನೆ ಅಂತ ಬಹಳ ಜನ ಕೇಳುತ್ತಾರೆ. ಅಂಕದ ಮೇಲಂತೂ ಅಲ್ಲ. ಮೊದಲ ವಾರ ಒಂದು ಚಿಕ್ಕ ಕೆಲಸ ಕೊಟ್ಟು ಗಮನಿಸುತ್ತೇನೆ. ಅದು ಏನು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ. ಜೋಡಿಯನ್ನು ಯಾವಾಗ ಮುರಿಯಬೇಕು ಅನ್ನುವುದೂ ಅಷ್ಟೇ.

ಕಳೆದ ವರ್ಷ ಎರಡು ತರಗತಿ, ಸುಮಾರು 40 ಮಕ್ಕಳು. ವರ್ಷಾಂತ್ಯದ ಸರಾಸರಿ 83ರ ಹತ್ತಿರ. ಗದ್ದಲ ಜಾಸ್ತಿ ಅಂತ ಪಕ್ಕದ ತರಗತಿಯವರು ಈಗಲೂ ಬಾಗಿಲು ಹಾಕಿಸುತ್ತಾರೆ. ಮೊದಲು ಬೇಡ ಅಂದಿದ್ದ ಹಿರಿಯ ರಬ್ಬಿ ಈಗ ನನ್ನ ಹಾಳೆ ತೆಗೆದುಕೊಂಡು ಹೋಗಿ ತಮ್ಮ ಒಂಬತ್ತನೇ ತರಗತಿಗೆ ಬಳಸುತ್ತಾರೆ. ಪರಂಪರೆಯಲ್ಲಿ ಇದು ಎಲ್ಲಿದೆ ಅಂತ ಒಬ್ಬ ತಂದೆ ಕೇಳಿದಾಗ ಅವರೇ ಉತ್ತರ ಕೊಟ್ಟರು. ಕ್ರಾಕೋವ್‌ನಲ್ಲಿ ಬಟ್ಟೆ ಹೊಲಿಯುತ್ತಿದ್ದ ಸಾರಾ ಶ್ನೀರರ್ 1917ರಲ್ಲಿ ಹೆಣ್ಣುಮಕ್ಕಳಿಗೆ ತೋರಾ ಶಾಲೆ ತೆರೆದದ್ದೂ ಹೊಸದೇ ಆಗಿತ್ತು, ಇವತ್ತು ನಿಮ್ಮ ಮಗಳು ಓದುತ್ತಿದ್ದಾಳಲ್ವಾ ಅಂದರು.

ತೇಕು ಬೋರ್ಡಿನಲ್ಲಿ ಈಗ ಒಂಬತ್ತು ಪ್ರಶ್ನೆ ಉಳಿದಿವೆ. ಅದರಲ್ಲಿ ಎರಡು ನನ್ನವು.