63 ಕೆ.ವಿ.ಎ. ಟಿ.ಸಿ. ರೀವೈಂಡಿಂಗ್: ನಾನು ಅನುಸರಿಸುವ ಕ್ರಮ

ಸುಟ್ಟ ಟಿ.ಸಿ. (ಕರೆಂಟ್ ಹಂಚುವ ಟ್ರಾನ್ಸ್‌ಫಾರ್ಮರ್) ರೀವೈಂಡಿಂಗ್‌ಗೆ, ಅಂದರೆ ಹೊಸ ತಂತಿಯಿಂದ ಕಾಯಿಲ್ ಮತ್ತೆ ಸುತ್ತಲು, ಬಂದ ಕೂಡಲೇ ಹಳೆಯ ಕಾಯಿಲ್ ಕತ್ತರಿಸಬಾರದು. ಏಕೆ ಸುಟ್ಟಿತೆಂದು ತಿಳಿಯದೆ ಹೊಸ ತಂತಿ ಸುತ್ತಿದರೆ ಅದೇ ಜಾಗದಲ್ಲಿ ಮತ್ತೆ ಸುಡುತ್ತದೆ. ಆದ್ದರಿಂದ ಮುಚ್ಚಳ ತೆಗೆದು, ಎಣ್ಣೆ ಇಳಿಸಿ, ಮೊದಲು ನೋಡುವುದೇ ಕೆಲಸ.

ಎಚ್.ವಿ. (ಹೆಚ್ಚು ವೋಲ್ಟ್ ಕಡೆಯ) ಕಾಯಿಲ್‌ನಲ್ಲಿ ಲೈನ್ ಲೀಡ್ (ಲೈನಿಗೆ ಸೇರುವ ತಂತಿಯ ತುದಿ) ಹತ್ತಿರದ ಕೆಲವು ಸುತ್ತು ಮಾತ್ರ ಕರಗಿದ್ದರೆ ಸಾಮಾನ್ಯವಾಗಿ ಸಿಡಿಲಿನ ಹೊಡೆತ; ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುವ ಸಾಧನ) ಮತ್ತು ಅದರ ಅರ್ಥಿಂಗ್ ಪರೀಕ್ಷಿಸಲು ಹೇಳಿ ಕಳಿಸುತ್ತೇನೆ. ಮೂರೂ ಲಿಂಬ್‌ಗಳಲ್ಲಿ (ಕಾಯಿಲ್ ಕೂರುವ, ಉಕ್ಕಿನ ಕೋರಿನ ಕಾಲುಗಳಲ್ಲಿ) ಕಾಗದ ಕಂದಾಗಿ, ಮುಟ್ಟಿದರೆ ಪುಡಿಯಾಗುವಂತಿದ್ದರೆ ಓವರ್‌ಲೋಡ್: ಪಂಪ್‌ಸೆಟ್ ಹೆಚ್ಚಾಗಿವೆ, ಫ್ಯೂಸಿಗೆ ದಪ್ಪ ತಂತಿ ಕಟ್ಟಿದ್ದಾರೆ. ಒಂದೇ ಲಿಂಬ್ ಕಪ್ಪಾಗಿದ್ದರೆ ಆ ಫೇಸಿನ ಮೇಲೆ ಲೋಡ್ ಹೆಚ್ಚು ಬಿದ್ದಿದೆ. ಕಾಯಿಲ್ ಜಾಗ ಬಿಟ್ಟು ಮೇಲೆ ಕೆಳಗೆ ಸರಿದಿದ್ದರೆ ಎಲ್.ವಿ. (ಕಡಿಮೆ ವೋಲ್ಟ್) ಕಡೆ ಶಾರ್ಟ್ ಆಗಿದೆ. ಮುಚ್ಚಳದ ಒಳಮೈಗೆ ತುಕ್ಕು, ತಳದಲ್ಲಿ ನೀರು ಇದ್ದರೆ ಗ್ಯಾಸ್ಕೆಟ್ (ಮುಚ್ಚಳದ ಸಂದು ಮುಚ್ಚುವ ಪಟ್ಟಿ) ಅಥವಾ ಬ್ರೀದರ್ (ಒಳಹೋಗುವ ಗಾಳಿಯ ತೇವ ಹೀರುವ ಡಬ್ಬಿ) ಕೆಟ್ಟಿದೆ.

ಬಿಚ್ಚುವಾಗ ಹಳೆಯ ಕಾಯಿಲ್‌ನ ಸುತ್ತು ಎಣಿಸಿ, ತಂತಿಯ ಅಳತೆ, ಸುತ್ತಿದ ದಿಕ್ಕು, ಲೀಡ್ ಹೊರಟ ಜಾಗ ಬರೆದಿಡಬೇಕು. ಎಣಿಕೆಯನ್ನು ಲೆಕ್ಕದಿಂದಲೂ ತಾಳೆ ನೋಡಬಹುದು. 11 ಕೆ.ವಿ./433 ವೋಲ್ಟ್ ಡೆಲ್ಟಾ-ಸ್ಟಾರ್‌ನಲ್ಲಿ (ಎಚ್.ವಿ. ಕಾಯಿಲ್ ಎರಡು ಲೈನ್ ನಡುವೆ, ಎಲ್.ವಿ. ಕಾಯಿಲ್ ಲೈನ್ ಮತ್ತು ನ್ಯೂಟ್ರಲ್ ನಡುವೆ) ಎಚ್.ವಿ. ಕಾಯಿಲ್ ಮೇಲೆ 11,000, ಎಲ್.ವಿ. ಕಾಯಿಲ್ ಮೇಲೆ 250 ವೋಲ್ಟ್ ಬೀಳುತ್ತದೆ; ಅನುಪಾತ 44. ಎಲ್.ವಿ. 72 ಸುತ್ತಿದ್ದರೆ ಎಚ್.ವಿ. 3,168 ಬರಬೇಕು, ನಾಲ್ಕು ಕಾಯಿಲ್ ಆಗಿ ಹಂಚಿದರೆ ಒಂದಕ್ಕೆ 792. ಒಂದು ಸುತ್ತಿಗೆ ಸುಮಾರು 3.47 ವೋಲ್ಟ್ ಆಯಿತು. 50 ಹರ್ಟ್ಸ್‌ನಲ್ಲಿ, 1.6 ಟೆಸ್ಲಾ ಫ್ಲಕ್ಸ್ (ಕೋರಿನೊಳಗಿನ ಕಾಂತಪ್ರವಾಹ) ಸಾಂದ್ರತೆಗೆ ಇಷ್ಟು ವೋಲ್ಟ್ ಕೊಡಲು ಕೋರಿನ ಅಡ್ಡಕೊಯ್ತ ಸುಮಾರು 98 ಚದರ ಸೆಂ.ಮೀ. ಇರಬೇಕು. ಸುತ್ತು ಉಳಿಸಲು ಹೋದರೆ ಕೋರ್ ಸ್ಯಾಚುರೇಟ್ ಆಗುತ್ತದೆ (ಇನ್ನಷ್ಟು ಫ್ಲಕ್ಸ್ ಹಿಡಿಯಲಾರದು): ಗುಂಯ್‌ಗುಡುತ್ತದೆ, ಲೋಡ್ ಇಲ್ಲದೆಯೂ ಬಿಸಿಯೇರುತ್ತದೆ. ಎಚ್.ವಿ. ಕಾಯಿಲ್‌ನಲ್ಲಿ ಹರಿಯುವುದು 1.9 ಆಂಪಿಯರ್, ಚದರ ಮಿ.ಮೀ.ಗೆ 1.5 ಆಂಪಿಯರ್ ಹಿಡಿದರೆ ಅಲ್ಯೂಮಿನಿಯಂ ತಂತಿ ಸುಮಾರು 1.27 ಮಿ.ಮೀ. ವ್ಯಾಸದ್ದು. ಎಲ್.ವಿ.ಯಲ್ಲಿ 84 ಆಂಪಿಯರ್, ಅಂದರೆ 56 ಚದರ ಮಿ.ಮೀ. ಪಟ್ಟಿ. ಎರಡಕ್ಕೂ ಕಾಗದ ಸುತ್ತಿದ ತಂತಿಯೇ ಬೇಕು.

ಕೋರ್ ವಿಷಯದಲ್ಲಿ ಆತುರ ಬೇಡವೇ ಬೇಡ. ಮೇಲಿನ ಯೋಕ್‌ನ (ಲಿಂಬ್‌ಗಳನ್ನು ಸೇರಿಸುವ ಅಡ್ಡಭಾಗದ) ಪಟ್ಟಿಗಳನ್ನು ಮಾತ್ರ ತೆಗೆದು, ತೆಗೆದ ಕ್ರಮದಲ್ಲೇ ಜೋಡಿಸಿಡಬೇಕು. ಕಾಲು ಮಿ.ಮೀ. ಆಸುಪಾಸಿನ ಸಿ.ಆರ್.ಜಿ.ಒ. (ಕೋರಿಗೆ ಬಳಸುವ ವಿಶೇಷ ಉಕ್ಕಿನ) ಪಟ್ಟಿ ಬಗ್ಗಿದರೆ, ಸುತ್ತಿಗೆ ಏಟು ತಿಂದರೆ ಅದರ ಗುಣ ಕೆಡುತ್ತದೆ. ತುದಿಗಳ ನಡುವೆ ಸಂದು ಉಳಿದರೆ ನೋ-ಲೋಡ್ ಕರೆಂಟ್ (ಲೋಡ್ ಇಲ್ಲದಾಗಲೂ ಎಳೆಯುವ ಕರೆಂಟ್) ಏರುತ್ತದೆ. ಕೋರ್ ಅರ್ಥ್ ಪಟ್ಟಿ ಒಂದೇ ಕಡೆ ಇರಲಿ. ಎರಡು ಕಡೆ ತಾಗಿದರೆ ಸುತ್ತುಕರೆಂಟ್ ಹರಿದು ಅಲ್ಲೇ ಸುಡುತ್ತದೆ.

ಕೂರಿಸುವಾಗ ಕೋರಿಗೆ ತಾಗಿ ಎಲ್.ವಿ., ನಂತರ ಪ್ರೆಸ್‌ಬೋರ್ಡ್ (ಒತ್ತಿದ ದಪ್ಪ ರಟ್ಟು) ಸಿಲಿಂಡರ್, ಹೊರಗೆ ಎಚ್.ವಿ.; ನಡುವೆ ಎಣ್ಣೆ ಹರಿಯಲು ಪಟ್ಟಿಗಳು. ಪ್ರತಿ ಲೇಯರ್‌ಗೂ ಕ್ರಾಫ್ಟ್ ಕಾಗದ.

ನನ್ನ ಲೆಕ್ಕದಲ್ಲಿ ರೀವೈಂಡಿಂಗ್ ಉಳಿಯುವುದೂ ಕೆಡುವುದೂ ಒಣಗಿಸುವ ಹಂತದಲ್ಲಿ. ಕಾಗದ ಮತ್ತು ಬೋರ್ಡ್ ಗಾಳಿಯಿಂದಲೇ ತೇವ ಹೀರುತ್ತವೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಓವನ್‌ನಲ್ಲಿ 90ರಿಂದ 100 ಡಿಗ್ರಿಗೆ ಇಟ್ಟು, ಗಂಟೆ ಎಣಿಸುವ ಬದಲು ಮೆಗ್ಗರ್ (ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಮೀಟರ್) ನೋಡಬೇಕು. ಬಿಸಿಯೇರುವಾಗ ಇನ್ಸುಲೇಷನ್ ರೆಸಿಸ್ಟೆನ್ಸ್ ಮೊದಲು ಇಳಿಯುತ್ತದೆ. ಆಮೇಲೆ ತೇವ ಹೋದಂತೆ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಹಾಗೆ ನಿಂತು ಕೆಲವು ಗಂಟೆ ಕಳೆಯುವವರೆಗೆ ಹೊರತೆಗೆಯುವುದಿಲ್ಲ. ಒಣಗಿದ ಕಾಯಿಲ್ ಕುಗ್ಗಿರುತ್ತದೆ. ಆದ್ದರಿಂದ ಓವನ್‌ನಿಂದ ಬಂದ ಮೇಲೆ ಕ್ಲ್ಯಾಂಪ್ ಬೋಲ್ಟ್‌ಗಳನ್ನು ಮತ್ತೆ ಬಿಗಿಯಬೇಕು. ಇದನ್ನು ಬಿಟ್ಟರೆ ಮೊದಲ ಶಾರ್ಟ್‌ಗೇ ಕಾಯಿಲ್ ಸರಿಯುತ್ತದೆ.

ಟ್ಯಾಂಕಿಗೆ ಇಳಿಸುವ ಮುನ್ನ ಎಚ್.ವಿ.ಗೆ ಮೂರು ಫೇಸ್ 415 ವೋಲ್ಟ್ ಕೊಟ್ಟರೆ ಎಲ್.ವಿ.ಯಲ್ಲಿ ಫೇಸ್-ನ್ಯೂಟ್ರಲ್ ನಡುವೆ 9.4 ವೋಲ್ಟ್ ಬರಬೇಕು. ಎಲ್.ವಿ. ಶಾರ್ಟ್ ಮಾಡಿ ಅದೇ 415 ಕೊಟ್ಟಾಗ, ಇಂಪೀಡೆನ್ಸ್ (ಕಾಯಿಲ್‌ಗಳು ಕರೆಂಟಿಗೆ ಒಡ್ಡುವ ತಡೆ) 4.5 ಶೇಕಡಾ ಇದ್ದರೆ, ಎಚ್.ವಿ. ಲೈನಿನಲ್ಲಿ ಸುಮಾರು 2.8 ಆಂಪಿಯರ್, ಮೂರೂ ಫೇಸಿನಲ್ಲಿ ಸಮ ಇರಲಿ. ನೋ-ಲೋಡ್ ಪರೀಕ್ಷೆಯನ್ನು ಎಣ್ಣೆ ತುಂಬಿದ ಮೇಲಷ್ಟೇ ಮಾಡುತ್ತೇನೆ. ಎಲ್.ವಿ.ಗೆ 433 ಕೊಟ್ಟ ಕ್ಷಣದಿಂದ ಎಚ್.ವಿ. ಬುಶಿಂಗ್‌ಗಳಲ್ಲಿ (ಲೀಡ್ ಟ್ಯಾಂಕಿನಿಂದ ಹೊರಬರುವ ಪಿಂಗಾಣಿ ತುದಿಗಳಲ್ಲಿ) ಪೂರ್ತಿ 11,000 ವೋಲ್ಟ್ ಇರುತ್ತದೆ. ಬೇಲಿ ಕಟ್ಟದೆ ಯಾರೂ ಹತ್ತಿರ ಹೋಗಬಾರದು.

ಎಣ್ಣೆಯನ್ನು ಫಿಲ್ಟರ್ ಮಾಡಿ, 2.5 ಮಿ.ಮೀ. ಗ್ಯಾಪ್‌ನಲ್ಲಿ ಬಿ.ಡಿ.ವಿ. (ಎಣ್ಣೆ ತಡೆಯಲಾರದೆ ಕಿಡಿ ಹಾರುವ ವೋಲ್ಟೇಜ್) ನೋಡುತ್ತೇನೆ. 30 ಕೆ.ವಿ.ಗಿಂತ ಕಡಿಮೆ ಬಂದದ್ದು ಬಳಕೆಗೇ ಬಾರದು. 50 ದಾಟದೆ ನಾನು ತುಂಬುವುದಿಲ್ಲ. ಕನ್ಸರ್ವೇಟರ್ (ಮೇಲಿನ ಚಿಕ್ಕ ಎಣ್ಣೆ ಟ್ಯಾಂಕ್) ಗುರುತಿನವರೆಗೆ ತುಂಬಿ, ಬುಶಿಂಗ್‌ಗಳಲ್ಲಿ ಗಾಳಿ ಬಿಡಿಸಿ, ಒಂದು ದಿನ ನಿಲ್ಲಲು ಬಿಡಬೇಕು. ಬ್ರೀದರ್‌ಗೆ ಹೊಸ ನೀಲಿ ಸಿಲಿಕಾ ಜೆಲ್ ಹಾಕಿ. ಅದರ ಕೆಳಗಿನ ಬಟ್ಟಲಿನ ಎಣ್ಣೆ ಸಾಗಿಸುವಾಗ ಚೆಲ್ಲಿಹೋಗಿರುತ್ತದೆ. ಸ್ಥಳದಲ್ಲಿ ಚಾರ್ಜ್ ಮಾಡುವ ಮುಂಚೆ ಮತ್ತೆ ತುಂಬಿಸಿ.