ಸ್ಕ್ಲೀರಲ್ ಲೆನ್ಸ್: ಗಾಳಿಗುಳ್ಳೆ ಬಿಡದೆ ಹಾಕುವುದು ಹೇಗೆ?

ಕೆರಟೋಕೋನಸ್ (ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬುವ ತೊಂದರೆ) ಇರುವವರಿಗೆ, ಕಣ್ಣು ವಿಪರೀತ ಒಣಗುವವರಿಗೆ ಸ್ಕ್ಲೀರಲ್ ಲೆನ್ಸ್ ಕೊಡುತ್ತಾರೆ. ಇದು ಗಟ್ಟಿ ಲೆನ್ಸ್. ಅಗಲ ಹೆಚ್ಚಾಗಿ 15ರಿಂದ 18 ಮಿ.ಮೀ. ಕಣ್ಣಿನ ಬಿಳಿ ಭಾಗದ ಮೇಲೆ ಕೂರುತ್ತದೆ, ಕಾರ್ನಿಯಾವನ್ನು ಮುಟ್ಟುವುದಿಲ್ಲ. ನಡುವಿನ ಜಾಗದಲ್ಲಿ ಸಲೈನ್ ನಿಂತಿರುತ್ತದೆ. ಒಣ ಕಣ್ಣಿಗೆ ಆರಾಮ ಸಿಗುವುದೇ ಅದರಿಂದ. ಲೆನ್ಸ್ ಹಾಕಲು ಕಲಿಸುವಾಗ ನಾನು ನೋಡಿದಂತೆ, ಹೆಚ್ಚಿನವರು ಎಡವುವುದು ಒಂದೇ ಕಡೆ: ಒಳಗೆ ಗಾಳಿಗುಳ್ಳೆ ಉಳಿದುಬಿಡುತ್ತದೆ. ಗುಳ್ಳೆ ಇದ್ದಲ್ಲಿ ಕಾರ್ನಿಯಾ ಒಣಗುತ್ತದೆ, ನೋಟ ಮಸುಕಾಗುತ್ತದೆ.

1. ಕೈ ತೊಳೆಯಿರಿ. ಸಾದಾ ಸೋಪು ಸಾಕು. ಮಾಯಿಶ್ಚರೈಸರ್ ಇರುವ ಸೋಪಿನ ಜಿಡ್ಡು ಲೆನ್ಸಿಗೆ ಮೆತ್ತಿಕೊಳ್ಳುತ್ತದೆ. ತಲೆಗೆ ಎಣ್ಣೆ ಹಚ್ಚುವುದು, ಕಾಡಿಗೆ, ಎಲ್ಲಾ ಲೆನ್ಸ್ ಹಾಕಿದ ಮೇಲೆ. ಕೈ ಪೂರ್ತಿ ಒರೆಸಿಕೊಳ್ಳಿ.

2. ಮೇಜಿನ ಮೇಲೆ ಟವೆಲ್ ಹಾಸಿ, ಕನ್ನಡಿ ಮಲಗಿಸಿಡಿ.

3. ಲೆನ್ಸ್ ತುಂಬಿಸಿ. ಲೆನ್ಸನ್ನು ದೊಡ್ಡ ಪ್ಲಂಜರ್ (ಲೆನ್ಸನ್ನು ಅಂಟಿಸಿ ಹಿಡಿಯುವ ಪುಟ್ಟ ರಬ್ಬರ್ ಸಾಧನ) ಮೇಲೆ ಬಟ್ಟಲಿನ ಹಾಗೆ ಕೂರಿಸಿ. ಪ್ರಿಸರ್ವೇಟಿವ್ ಇಲ್ಲದ ಸಲೈನನ್ನು ಅಂಚು ಮೀರಿ ಉಬ್ಬುವಷ್ಟು ಹಾಕಿ. ಜನ ಇಲ್ಲೇ ಜಿಪುಣತನ ಮಾಡುತ್ತಾರೆ. ಅಂಚಿನವರೆಗೆ ಬಂದರೆ ಸಾಲದು, ಮೇಲೆ ಗುಮ್ಮಟದಂತೆ ನಿಲ್ಲಬೇಕು.

ಸಲೈನ್ ವಿಷಯದಲ್ಲಿ ಕಾಸು ಉಳಿಸಬೇಡಿ. ಒಂದು ಸಲಕ್ಕೆ ಒಂದರಂತೆ ಬರುವ ಪುಟ್ಟ ವಯಲ್‌ಗಳೇ ಒಳ್ಳೆಯವು. ಡ್ರಿಪ್ ಬಾಟಲಿ ಒಡೆದು ಫ್ರಿಜ್‌ನಲ್ಲಿಟ್ಟು ವಾರಗಟ್ಟಲೆ ಬಳಸುವವರಿದ್ದಾರೆ. ದಯವಿಟ್ಟು ಬೇಡ, ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ನಲ್ಲಿ ನೀರನ್ನಂತೂ ಲೆನ್ಸಿಗೆ ಸೋಕಿಸಲೇಬಾರದು, ಫಿಲ್ಟರ್ ನೀರೂ ಅಷ್ಟೇ. ಅಕಾಂತಮೀಬಾ ಎಂಬ ಜೀವಿ ನೀರಿನಲ್ಲಿರುತ್ತದೆ. ಅದರ ಸೋಂಕು ಕಣ್ಣನ್ನೇ ಕಳೆಯಬಹುದು.

4. ಬಗ್ಗಿ ಹಾಕಿ. ಮುಖ ನೆಲಕ್ಕೆ ಸಮಾನಾಂತರವಾಗುವಷ್ಟು ಬಗ್ಗಬೇಕು, ಗದ್ದ ಎದೆಗೆ ತಾಗಲಿ. ಸುಮ್ನೆ ತಲೆ ತಗ್ಗಿಸಿದರೆ ಸಲೈನ್ ಒಂದು ಕಡೆ ಚೆಲ್ಲಿ, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಇನ್ನೊಂದು ಕೈಯಿಂದ ಎರಡೂ ರೆಪ್ಪೆಗಳನ್ನು ಕೂದಲ ಬುಡದಲ್ಲೇ ಹಿಡಿದು ಅಗಲಿಸಿ. ಎರಡೂ ಕಣ್ಣು ತೆರೆದಿರಲಿ, ಪ್ಲಂಜರಿನ ನಡುವನ್ನೇ ನೋಡಿ. ಲೆನ್ಸನ್ನು ನೇರವಾಗಿ ಮೇಲಕ್ಕೆ ತನ್ನಿ. ಸಲೈನ್ ತಣ್ಣಗೆ ತಾಗುತ್ತಲೇ ಬಹಳ ಜನ ಬೆಚ್ಚಿ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಸಲೈನ್ ಸುತ್ತಲೂ ಚೆಲ್ಲಿ, ಲೆನ್ಸ್ ಬಿಳಿಗುಡ್ಡೆಗೆ ಒತ್ತಿ ಕೂರುವವರೆಗೆ ಮೆಲ್ಲಗೆ ತಳ್ಳಿ. ಮೊದಲು ಕೆಳರೆಪ್ಪೆ ಬಿಡಿ, ಆಮೇಲೆ ಮೇಲಿನದು. ಲೆನ್ಸ್ ಕೂತ ಮೇಲೆ ಪ್ಲಂಜರನ್ನು ಅಮುಕಿ ಬಿಡಿಸಿಕೊಳ್ಳಿ.

5. ಕನ್ನಡಿಯಲ್ಲಿ ನೋಡಿ. ಗುಳ್ಳೆ ಕಂಡರೆ ತೆಗೆದು, ಹೊಸ ಸಲೈನ್ ತುಂಬಿ ಹಾಕಿ. ತಾನಾಗೇ ಹೋಗುತ್ತದೆ ಅಂತ ಕಾಯಬೇಡಿ. ಮಧ್ಯಾಹ್ನದ ಹೊತ್ತಿಗೆ ಮಂಜು ಕವಿದಂತಾದರೂ ಇದೇ ದಾರಿ. ದಿನವೂ ಹಾಗಾದರೆ ಫಿಟಿಂಗ್ ತೋರಿಸಿಕೊಳ್ಳಿ.

6. ತೆಗೆಯುವಾಗ ಲೆನ್ಸ್ ಕಣ್ಣಿನಲ್ಲಿದೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಬರೀ ಕಾರ್ನಿಯಾಕ್ಕೆ ಪ್ಲಂಜರ್ ಅಂಟಿಸಿ ಎಳೆದರೆ ಗಾಯವಾಗಬಹುದು. ಎರಡು ಹನಿ ಸಲೈನ್ ಬಿಟ್ಟು, ಕೆಳರೆಪ್ಪೆಯ ಮೇಲಿಂದ ಬಿಳಿಗುಡ್ಡೆಯನ್ನು ಮೆಲ್ಲಗೆ ಒತ್ತಿ. ಅಂಚಿನಲ್ಲಿ ಸಣ್ಣ ಗುಳ್ಳೆ ಹೊಕ್ಕರೆ ಹಿಡಿತ ಸಡಿಲವಾಗುತ್ತದೆ. ಒದ್ದೆ ಮಾಡಿದ ಸಣ್ಣ ಪ್ಲಂಜರನ್ನು ಲೆನ್ಸಿನ ನಡುವೆ ಅಂಟಿಸಬೇಡಿ, ಕೆಳ ಅಂಚಿನ ಹತ್ತಿರ ಅಂಟಿಸಿ ಹೊರಕ್ಕೆ, ಮೇಲಕ್ಕೆ ಎತ್ತಿ. ಬರದಿದ್ದರೆ ಜಗ್ಗಬೇಡಿ, ಇನ್ನೆರಡು ಹನಿ ಹಾಕಿ ಕಾಯಿರಿ.

ರಾತ್ರಿ ಲೆನ್ಸ್ ಹಾಕಿಕೊಂಡು ಮಲಗಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಸೊಲ್ಯೂಷನ್ ಬಳಸುವುದಾದರೆ ಅದರ ಜೊತೆ ಬರುವ ಡಬ್ಬಿಯಲ್ಲೇ ಇಡಿ, ಸಾಮಾನ್ಯವಾಗಿ 6 ಗಂಟೆ ಬೇಕು. ಅದನ್ನು ನೇರವಾಗಿ ಕಣ್ಣಿಗೆ ತಾಗಿಸಬೇಡಿ, ವಿಪರೀತ ಉರಿಯುತ್ತದೆ.

ಕೆಂಪು ಹೋಗಲಾಡಿಸುವ ಹನಿ ಒಣ ಕಣ್ಣಿಗೆ ಮದ್ದಲ್ಲ. ಬಳಸುತ್ತಾ ಹೋದರೆ ಕೆಂಪು ಜಾಸ್ತಿಯೇ ಆಗಬಹುದು. ನೋವು, ಕೆಂಪು, ಬೆಳಕು ನೋಡಲಾಗದಂತಹ ತೊಂದರೆ ಇದ್ದರೆ ಲೆನ್ಸ್ ತೆಗೆದು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.