ಮೇಲ್ ಅಳಿಸಿದರೂ ಡಿಸ್ಕ್ ಖಾಲಿಯಾಗಲಿಲ್ಲ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೈಕ್ರೋಸಾಫ್ಟ್‌ನ ಮೇಲ್ ವ್ಯವಸ್ಥೆಯಾದ ಎಕ್ಸ್‌ಚೇಂಜ್ 2016ರ ಸರ್ವರ್ ನನ್ನ ಉಸ್ತುವಾರಿಯಲ್ಲಿತ್ತು. ಇಡೀ ಕಚೇರಿಗೆ ಒಂದೇ ಸರ್ವರ್, ಒಂದೇ ಡೇಟಾಬೇಸ್. ಎಲ್ಲರ ಮೇಲ್ ಇರುವ ಆ ಡೇಟಾಬೇಸಿನ ಕಡತ 380 ಜಿಬಿ ಮುಟ್ಟಿ ಡಿಸ್ಕ್‌ನ ಗುರುತು ಕೆಂಪಗಾದಾಗ ಆಡಳಿತ ವಿಭಾಗ ವಾಡಿಕೆಯಂತೆ ಸುತ್ತೋಲೆ ಹೊರಡಿಸಿತು: ಹಳೆಯ ಮೇಲ್‌ಗಳನ್ನು ಎಲ್ಲರೂ ಅಳಿಸತಕ್ಕದ್ದು. ಅಕೌಂಟ್ಸ್ ಮೇಡಂ ಊಟದ ಬಿಡುವಿನಲ್ಲೂ ಕೂತು ಅಳಿಸಿದರು. “ನಾಲ್ಕು ಜಿಬಿ ತೆಗೆದಿದ್ದೇನೆ ಸರ್, ಆದರೂ ಡಿಸ್ಕ್‌ನಲ್ಲಿ ಜಾಗವೇ ಆಗಿಲ್ಲವಂತಲ್ಲ?” ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಜಾಗ ಆಗುವುದೂ ಇಲ್ಲ. ಅಳಿಸಿದ ಮೇಲ್ ಸಾಮಾನ್ಯವಾಗಿ 14 ದಿನ ಡೇಟಾಬೇಸಿನಲ್ಲೇ ಉಳಿದಿರುತ್ತದೆ. ಅವಧಿ ಮುಗಿದ ಮೇಲೂ ಕಡತದೊಳಗೆ ಅದು ಕೂತಿದ್ದ ಪುಟಗಳು, ಅಂದರೆ ಸಣ್ಣ ಸಣ್ಣ ತುಂಡುಗಳು, ಖಾಲಿ ಎಂದು ಗುರುತಾಗುತ್ತವೆಯೇ ಹೊರತು ಕಡತ ಕುಗ್ಗುವುದಿಲ್ಲ. ಹೊಸ ಮೇಲ್ ಆ ಪುಟಗಳಿಗೆ ಬಂದು ಸೇರುತ್ತದೆ, ಅಷ್ಟೇ. ಕಮಾಂಡ್ ಕೊಡುವ ಪವರ್‌ಶೆಲ್‌ನಲ್ಲಿ ನೋಡಿದರೆ ನಮ್ಮ 380 ಜಿಬಿಯೊಳಗೆ ಸುಮಾರು 110 ಜಿಬಿ ಹೀಗೆ ಖಾಲಿ ಬಿದ್ದಿತ್ತು.

ಇಷ್ಟು ಬೆಳೆದದ್ದಾದರೂ ಏಕೆ? ವಿನ್ಯಾಸ ವಿಭಾಗದವರು ದೊಡ್ಡ ಡ್ರಾಯಿಂಗ್‌ಗಳನ್ನು ಮೇಲ್‌ಗೆ ಲಗತ್ತಿಸಿ ಹತ್ತು ಮಂದಿಗೆ ಕಳುಹಿಸುತ್ತಿದ್ದರು. ಒಂದೇ ಲಗತ್ತನ್ನು ಒಂದೇ ಪ್ರತಿಯಾಗಿ ಇಟ್ಟುಕೊಳ್ಳುವ ಪದ್ಧತಿಯನ್ನು ಎಕ್ಸ್‌ಚೇಂಜ್ 2010ರಲ್ಲೇ ಕೈಬಿಟ್ಟಿದೆ. ಹತ್ತು ಜನರಿಗೆ ಹೋದರೆ ಹತ್ತು ಪ್ರತಿ.

ಕಡತವನ್ನು ಕುಗ್ಗಿಸಲು ಇಎಸ್ಇ-ಯುಟಿಲ್ ಎಂಬ ಸಾಧನವಿದೆ. ಅದಕ್ಕೆ ಡೇಟಾಬೇಸಿನ ಗಾತ್ರದ 110 ಶೇಕಡಾ ಖಾಲಿ ಜಾಗ ಬೇಕು, ಅಂದರೆ ನಮ್ಮಲ್ಲಿ 418 ಜಿಬಿ. ಕೆಲಸ ಮುಗಿಯುವವರೆಗೆ ಡೇಟಾಬೇಸ್ ಮುಚ್ಚಿರಬೇಕು, ಯಾರಿಗೂ ಮೇಲ್ ಇಲ್ಲ. ಅಷ್ಟು ಜಾಗ ಹೊಂದಿಸುವುದಾದರೆ ಹೊಸ ಡಿಸ್ಕ್‌ನಲ್ಲಿ ಹೊಸ ಡೇಟಾಬೇಸನ್ನೇ ಮಾಡಿ, ಎಲ್ಲರ ಮೇಲ್‌ಬಾಕ್ಸ್‌ಗಳನ್ನೂ ಅಲ್ಲಿಗೆ ಸಾಗಿಸಿ, ಹಳೆಯದನ್ನು ಕಿತ್ತುಹಾಕುವುದೇ ಮೇಲು. ಸಾಗುತ್ತಿರುವಾಗಲೂ ಬಳಕೆದಾರರು ಮೇಲ್ ನೋಡುತ್ತಿರಬಹುದು.

ದಸರಾ ಹತ್ತಿರವಿತ್ತು. ಆಯುಧಪೂಜೆ, ವಿಜಯದಶಮಿ ಎರಡೂ ದಿನ ಕಾರ್ಖಾನೆಗೆ ರಜೆ. ಹಿಂದಿನ ವಾರವೇ ಸಾಗಾಟ ಆರಂಭಿಸಿ, ಕೊನೆಯ ಹಂತದ ಮೊದಲು ನಿಲ್ಲುವಂತೆ ಹೊಂದಿಸಿದೆ. ಹಾಗೆ ಮಾಡಿದರೆ ಬಹುಪಾಲು ಮೊದಲೇ ನಕಲಾಗಿರುತ್ತದೆ, ಬಾಕಿ ಉಳಿದದ್ದನ್ನು ರಜೆಯಲ್ಲಿ ಮುಗಿಸಿದರಾಯಿತು. ಪೂಜೆಯ ದಿನ ರ‍್ಯಾಕ್‌ಗೂ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿದರು. ಹಾರ ಫ್ಯಾನಿನ ಜಾಲರಿಗೆ ತಾಗದಂತೆ ಪಕ್ಕಕ್ಕೆ ಕಟ್ಟಿಸಿದೆ. ಕರ್ಪೂರವನ್ನು ಮಾತ್ರ ಬಾಗಿಲ ಆಚೆಯೇ ಹಚ್ಚಬೇಕೆಂದೆ, ಒಳಗೆ ಹೊಗೆ ಪತ್ತೆ ಹಚ್ಚುವ ಯಂತ್ರವಿತ್ತು.

ಸಾಗಾಟದಲ್ಲಿ ಎಚ್ಚರ ಬೇಕಾದದ್ದು ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್ ಕಡತಗಳ ಬಗ್ಗೆ. ಒಂದೊಂದು 1 ಎಂಬಿ. ಸಾಗಿಸಿದಷ್ಟೇ ಗಾತ್ರದ ಲಾಗ್ ಹೊಸ ಡೇಟಾಬೇಸಿನಲ್ಲೂ ಹುಟ್ಟುತ್ತದೆ. ಪೂರ್ಣ ಬ್ಯಾಕಪ್ ಆಗುವವರೆಗೆ ಹೋಗುವುದಿಲ್ಲ. ಲಾಗ್ ಇರುವ ಡಿಸ್ಕ್ ತುಂಬಿದರೆ ಡೇಟಾಬೇಸ್ ತಾನಾಗಿ ಡಿಸ್‌ಮೌಂಟ್ ಆಗುತ್ತದೆ, ಅಂದರೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಗುಂಪು ಗುಂಪಾಗಿ ಕಳುಹಿಸಿ, ನಡುನಡುವೆ ಬ್ಯಾಕಪ್ ತೆಗೆದುಕೊಂಡೆ. ಬ್ಯಾಕಪ್‌ಗೆ ಕಾಯದೆ ಹಳೆಯ ಲಾಗ್ ತೆಗೆಯುವ ಸರ್ಕ್ಯುಲರ್ ಲಾಗಿಂಗ್ ಹಾಕಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಒಂದೇ ಸರ್ವರ್ ಇರುವಲ್ಲಿ ಅದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆಗ ಕೊನೆಯ ಬ್ಯಾಕಪ್‌ನ ನಂತರದ್ದೆಲ್ಲ ಕೈತಪ್ಪುವ ಭಯವಿದೆ.

ಎಲ್ಲರೂ ಹೊಸ ಮನೆಗೆ ಬಂದಮೇಲೆ ಹಳೆಯ ಡೇಟಾಬೇಸಿನ ಪಟ್ಟಿ ತೆಗೆದರೆ ಒಂದು ಹೆಸರೂ ಇಲ್ಲ. ಅಳಿಸಲು ಹೋದರೆ ಅದು ಒಪ್ಪಲಿಲ್ಲ: ಇದರಲ್ಲಿ ಇನ್ನೂ ಮೇಲ್‌ಬಾಕ್ಸ್‌ಗಳಿವೆ ಎಂದಿತು. ಅದು ಹೇಳಿದ್ದು ಸತ್ಯವೇ. ಸಾಮಾನ್ಯ ಪಟ್ಟಿಯಲ್ಲಿ ಕಾಣದ, ಎಕ್ಸ್‌ಚೇಂಜ್ ತನ್ನ ಕೆಲಸಕ್ಕೆಂದೇ ಇಟ್ಟುಕೊಳ್ಳುವ ಆರ್ಬಿಟ್ರೇಷನ್ ಮೇಲ್‌ಬಾಕ್ಸ್‌ಗಳು ಅಲ್ಲೇ ಉಳಿದಿರುತ್ತವೆ. ಮೇಲ್‌ಬಾಕ್ಸ್ ಪಟ್ಟಿಯ ಕಮಾಂಡ್‌ಗೆ ‘ಆರ್ಬಿಟ್ರೇಷನ್’ ಎಂಬ ಸ್ವಿಚ್ ಸೇರಿಸಿದರಷ್ಟೇ ಹೊರಬರುತ್ತವೆ. ಸಿಸ್ಟಂಮೇಲ್‌ಬಾಕ್ಸ್ ಎಂಬ ಹೆಸರು, ಮುಂದೆ ಆವರಣದೊಳಗೆ ಉದ್ದನೆಯ ಸಂಖ್ಯೆ. ಅವುಗಳ ಜೊತೆಗೆ ಮೈಗ್ರೇಷನ್, ಫೆಡರೇಟೆಡ್‌ಇಮೇಲ್ ಎಂಬವೂ ಇದ್ದವು. ನೋಡಲು ಕಸದಂತಿದ್ದರೂ ಅಳಿಸಬಾರದು. ಅನುಮತಿ ಬೇಕಾದ ಮೇಲ್‌ಗಳು ಕಾಯುವುದು, ಆಫ್‌ಲೈನ್ ವಿಳಾಸ ಪುಸ್ತಕ ಸಿದ್ಧವಾಗುವುದು, ಆಡಳಿತಗಾರರ ಕಮಾಂಡ್‌ಗಳ ದಾಖಲೆ ಉಳಿಯುವುದು ಇವುಗಳಲ್ಲೇ. ಪಟ್ಟಿಯನ್ನು ನೇರವಾಗಿ ಸಾಗಾಟದ ಕಮಾಂಡ್‌ಗೆ ಕೊಟ್ಟೆ; ಸಣ್ಣವು, ಬೇಗ ಮುಗಿದವು. ಸಂಸ್ಥೆಯ ಬಳಕೆದಾರರ ಖಾತೆಗಳು ಹಲವು ಡೊಮೇನ್‌ಗಳಲ್ಲಿ ಹಂಚಿಹೋಗಿರುವಲ್ಲಿ ಅವು ಮೂಲ ಡೊಮೇನ್‌ನಲ್ಲಿರುವುದರಿಂದ, ಮೊದಲು ಇಡೀ ಫಾರೆಸ್ಟ್, ಅಂದರೆ ಎಲ್ಲ ಡೊಮೇನ್‌ಗಳ ಸಮೂಹ, ಕಾಣುವಂತೆ ಹೊಂದಿಸಿಕೊಳ್ಳಬೇಕು. ಇಲ್ಲದಿದ್ದರೆ ಪಟ್ಟಿ ಖಾಲಿಯಾಗಿಯೇ ಕಾಣುತ್ತದೆ.

ಆರ್ಕೈವ್, ಪಬ್ಲಿಕ್ ಫೋಲ್ಡರ್, ಆಡಿಟ್‌ಲಾಗ್ ಇವುಗಳಿಗೂ ಬೇರೆ ಬೇರೆ ಸ್ವಿಚ್‌ಗಳಿವೆ, ಪ್ರತಿಯೊಂದನ್ನೂ ನೋಡಬೇಕು. ಸರ್ವರ್ ತನ್ನ ಆರೋಗ್ಯ ಪರೀಕ್ಷಿಸಿಕೊಳ್ಳಲು ಬಳಸುವ ಹೆಲ್ತ್ ಮೇಲ್‌ಬಾಕ್ಸ್‌ಗಳನ್ನು ಸಾಗಿಸುವ ಗೋಜು ಬೇಡ, ಹೆಲ್ತ್ ಮ್ಯಾನೇಜರ್ ಅವನ್ನು ತಾನೇ ಹೊಸದಾಗಿ ಮಾಡಿಕೊಳ್ಳುತ್ತದೆ. ಇನ್ನೊಂದು ಮಾತು: ಕೆಲಸ ಬಿಟ್ಟವರ ಮೇಲ್‌ಬಾಕ್ಸ್ ಅಳಿಸಿದ ಮೇಲೂ ಸಾಮಾನ್ಯವಾಗಿ 30 ದಿನ ಹಳೆಯ ಡೇಟಾಬೇಸಿನಲ್ಲೇ ಇರುತ್ತದೆ. ಡೇಟಾಬೇಸ್ ಹೋದರೆ ಅದೂ ಹೋಯಿತು. ಎಚ್ಆರ್‌ನವರಿಂದ ಹೆಸರು ತರಿಸಿ, ಬೇಕಾದವನ್ನು ಮೊದಲೇ ಪಿಎಸ್‌ಟಿ ಎಂಬ ಔಟ್‌ಲುಕ್ ಕಡತವಾಗಿ ಮಾಡಿಕೊಂಡೆ.

ಮುಗಿದ ಸಾಗಾಟದ ಕೋರಿಕೆಗಳನ್ನು ತೆರವುಗೊಳಿಸಿ ಮತ್ತೆ ಅಳಿಸುವ ಕಮಾಂಡ್ ಕೊಟ್ಟಾಗ ತಕರಾರಿಲ್ಲದೆ ಒಪ್ಪಿತು. ಅದು ತೆಗೆಯುವುದು ಎಕ್ಸ್‌ಚೇಂಜ್‌ನಲ್ಲಿರುವ ನೋಂದಣಿಯನ್ನಷ್ಟೇ. ಡಿಸ್ಕ್‌ನಲ್ಲಿರುವ ಕಡತವನ್ನೂ ಲಾಗ್‌ಗಳನ್ನೂ ನಾವೇ ಕೈಯಾರೆ ತೆಗೆಯಬೇಕು. ಹೊಸ ಕಡತ 270 ಜಿಬಿಯ ಆಸುಪಾಸಿನಲ್ಲಿತ್ತು. ಹಳೆಯದನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿಟ್ಟು, ಹೊಸದರ ಪೂರ್ಣ ಬ್ಯಾಕಪ್ ಮರಳಿ ತೆರೆಯುತ್ತದೆಂದು ಪರೀಕ್ಷಿಸಿದ ಮೇಲೆಯೇ ಅಳಿಸಿದೆ. ಈಗ ಡ್ರಾಯಿಂಗ್‌ಗಳು ಹಂಚಿಕೆಯ ಫೋಲ್ಡರಿನಲ್ಲಿರುತ್ತವೆ, ಮೇಲ್‌ನಲ್ಲಿ ಕೊಂಡಿ ಮಾತ್ರ. ವಿನ್ಯಾಸ ವಿಭಾಗದವರು ಇನ್ನೂ ಗೊಣಗುತ್ತಿದ್ದಾರೆ.